ತೋಟದ ಕೆರೆಯ ಕಾಟ್ಲಾ ಹೊಟ್ಟೆಯಲ್ಲಿ ಲಾಡಿಯಂಥ ಹುಳ: ಈ ಮೀನು ತಿನ್ನಬಹುದಾ?

ಕೆರೆಯೇರಿ (ಸುಂಟಿಕೊಪ್ಪ ಹತ್ತಿರ)

ಎಲ್ಲರಿಗೂ ನಮಸ್ಕಾರ. ಮೊನ್ನೆಯಿಂದ ಮನಸ್ಸಿಗೆ ಸಮಾಧಾನ ಇಲ್ಲ. ಗೊತ್ತಿದ್ದವರು ದಯವಿಟ್ಟು ಹೇಳಿ.

ಕಾಫಿ ಹೂ ಬಿಡಲಿ ಅಂತ ನೀರು ಕೊಟ್ಟು ಕೊಟ್ಟು ನಮ್ಮ ಕೆರೆ ಮುಕ್ಕಾಲು ಭಾಗ ಇಳಿದಿದೆ. ಪ್ರತಿ ವರ್ಷ ಈ ಹೊತ್ತಿಗೆ ಬಲೆ ಹಾಕಿಸುತ್ತೇವೆ. ಈ ಸಲ ಕಾಟ್ಲಾ, ರೋಹು, ಗೆಂಡೆ ಎಲ್ಲ ಚೆನ್ನಾಗಿ ಬಿದ್ದಿತ್ತು. ತೋಟದ ಕೆಲಸದವರ ಲೈನ್ ಮನೆಯ ಐದು ಕುಟುಂಬಕ್ಕೂ ಅಕ್ಕಪಕ್ಕದವರಿಗೂ ಹಂಚಿ, ನಮಗೆ ಮೂರು ಮೀನು ಇಟ್ಟುಕೊಂಡೆವು.

ಮನೆಗೆ ಬಂದು ಒಂದು ಕಾಟ್ಲಾದ ಹೊಟ್ಟೆ ಸೀಳಿದೆ. ಒಳಗಿಂದ ಬಿಳಿ ಪಟ್ಟಿ ಹೊರಗೆ ಬಂತು. ಲಂಗದ ಲಾಡಿಯ ಹಾಗೆ ಚಪ್ಪಟೆ, ಸುಮಾರು ಒಂದು ಗೇಣು ಉದ್ದ. ಎರಡು ಇದ್ದವು. ಮೊದಲು ಕೊಬ್ಬು ಅಂದುಕೊಂಡೆ. ಬಟ್ಟಲಿಗೆ ಹಾಕಿದರೆ ಮೆಲ್ಲಗೆ ಹೊರಳಿತು. ಕೈ ನಡುಗಿಹೋಯಿತು.

ಅತ್ತೆ, "ಹೊಟ್ಟೆ ತೆಗೆದು ತೊಳೆದು ಸಾರು ಮಾಡು, ಏನೂ ಆಗಲ್ಲ" ಅಂದರು. ನಮ್ಮ ಮನೆಯವರು ಮೂರೂ ಮೀನು ಗುಂಡಿಗೆ ಹಾಕಿ ಮಣ್ಣು ಮುಚ್ಚಿದರು. ನಮ್ಮ ಮೀನು ಹೋಗಲಿ. ಹಂಚಿದ ಮೀನಿನ ಗತಿ ಏನು? ಲೈನ್ ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ, ಒಬ್ಬಳು ಬಸುರಿ ಇದ್ದಾಳೆ. ಅವರೆಲ್ಲ ಅದೇ ದಿನ ಸಾರು ಮಾಡಿ ಉಂಡಿದ್ದಾರೆ. ನಾನೇ ಕೈಯಾರೆ ಕೊಟ್ಟಿದ್ದು.

ಗೋಣಿಕೊಪ್ಪ ಮೀನಂಗಡಿ

ಅಕ್ಕ, ಮೊದಲು ಸಮಾಧಾನ ಮಾಡಿಕೊಳ್ಳಿ. ನಾನು 19 ವರ್ಷದಿಂದ ಮೀನು ಕತ್ತರಿಸುತ್ತಿದ್ದೇನೆ. ಕೆರೆ ಮೀನು, ಹೊಳೆ ಮೀನು, ಮಂಗಳೂರಿಂದ ಕಣ್ಣೂರಿಂದ ಬರುವ ಕಡಲ ಮೀನು, ಯಾವುದರಲ್ಲೂ ಹುಳ ಇರುತ್ತದೆ. ಕರುಳಿನ ಜೊತೆ ಎಳೆದು ಬುಟ್ಟಿಗೆ ಹಾಕುತ್ತೇವೆ. ಅಂಗಡಿಯಲ್ಲೇ ಹೊಟ್ಟೆ ತೆಗೆಸಿಕೊಂಡು ಹೋಗುವವರಿಗೆ ಅದು ಕಾಣುವುದೇ ಇಲ್ಲ. ನಮ್ಮ ಮನೆಯಲ್ಲೂ ಅದೇ ಮೀನು ಬೇಯಿಸಿ ತಿನ್ನುತ್ತೇವೆ.

ನಿಮ್ಮ ಅತ್ತೆ ಹೇಳಿದ್ದು ಸರಿ.

ಹಾರಂಗಿ ಬಯಲು

ನಾನು ಒಪ್ಪುವುದಿಲ್ಲ. ಹುಳ ಇದೆ ಅಂದರೆ ನೀರು ಕೆಟ್ಟಿದೆ ಅಂತ ಅರ್ಥ. ಕೆಲವು ಕಡೆ ಕೋಳಿ ಅಂಗಡಿಯ ಕಸವನ್ನೇ ತಂದು ಕೆರೆಗೆ ಸುರಿಯುತ್ತಾರೆ. ನಾನೇ ಕಣ್ಣಾರೆ ನೋಡಿದ್ದೇನೆ. ಆಮೇಲಿಂದ ನಾನು ಕೆರೆ ಮೀನು ಬಿಟ್ಟೆ. ಕಡಲ ಮೀನು ಮಾತ್ರ ತರುತ್ತೇನೆ. ಹುಳ ಇದ್ದ ಮೀನನ್ನು ತಿನ್ನಿ ಅಂತ ಧೈರ್ಯ ಹೇಳುವುದು ಸರಿಯಲ್ಲ.

ಕೆರೆಯೇರಿ

ನಾವು ಕೋಳಿ ಕಸ ಹಾಕುವುದಿಲ್ಲ. ಅಕ್ಕಿ ತೌಡು, ಕಡಲೆಕಾಯಿ ಹಿಂಡಿ ಅಷ್ಟೇ. ಕೆರೆಯ ನೀರು ತಿಳಿಯಾಗಿದೆ. ಅದಕ್ಕೇ ಜಾಸ್ತಿ ಗಾಬರಿ ಆಗಿದ್ದು.

ನಾಲ್ಕುನಾಡು ಬಲೆ

ಅಕ್ಕ, ನಾನು ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಓದಿದವನು. ಈಗ ಊರಲ್ಲೇ ಸ್ವಂತ ಕೆರೆಯಲ್ಲಿ ಮೀನು ಸಾಕುತ್ತಿದ್ದೇನೆ. ಒಂದು ಪ್ರಶ್ನೆ ಮೊದಲು. ಆ ಪಟ್ಟಿ ಕರುಳಿನ ಒಳಗಿತ್ತಾ, ಅಥವಾ ಹೊಟ್ಟೆ ಸೀಳಿದ ಕೂಡಲೇ ಕರುಳಿನ ಹೊರಗೆ ಸುಮ್ನೆ ಬಿದ್ದುಕೊಂಡಿತ್ತಾ? ಗೆರೆಗೆರೆಯಾಗಿ ತುಂಡು ತುಂಡು ಇದ್ದ ಹಾಗೆ ಕಾಣುತ್ತಿತ್ತಾ, ಅಥವಾ ಒಂದೇ ಪಟ್ಟಿಯಾ?

ಕೆರೆಯೇರಿ

ಕರುಳು ಕೊಯ್ಯಲೇ ಇಲ್ಲ. ಹೊಟ್ಟೆ ಸೀಳಿದ ಕೂಡಲೇ ಬಂತು. ಕರುಳಿಗೂ ಮೊಟ್ಟೆ ಚೀಲಕ್ಕೂ ನಡುವೆ ಸುತ್ತಿಕೊಂಡಿತ್ತು. ಮೊಟ್ಟೆ ಅಂತೂ ಇರಲೇ ಇಲ್ಲ, ಚೀಲ ಬರೀ ನೂಲಿನ ಹಾಗಿತ್ತು. ಪಟ್ಟಿ ಒಂದೇ ಸಮ, ತುಂಡು ಕಾಣಲಿಲ್ಲ.

ನಾಲ್ಕುನಾಡು ಬಲೆ

ಹಾಗಾದರೆ ಅದು ಲಿಗುಲಾ ಅನ್ನುವ ಲಾಡಿಹುಳದ ಮರಿ ಇರಬೇಕು. ಗೆಂಡೆ ಜಾತಿಯ ಮೀನುಗಳಲ್ಲಿ ಪ್ರಪಂಚದ ತುಂಬ ಕಡೆ ಕಾಣುತ್ತದೆ. ಅದರ ಕಥೆ ಸ್ವಲ್ಪ ಉದ್ದ. ಆದರೆ ಅದು ಗೊತ್ತಾದರೆ ನಿಮ್ಮ ಭಯ ಹೋಗುತ್ತದೆ, ಹಾಗಾಗಿ ಪೂರ್ತಿ ಬರೆಯುತ್ತೇನೆ.

ಈ ಹುಳದ ನಿಜವಾದ ಮನೆ ಮೀನಲ್ಲ, ಹಕ್ಕಿ. ನೀರುಕಾಗೆಯಂಥ ಮೀನು ತಿನ್ನುವ ಹಕ್ಕಿಗಳ ಕರುಳಿನಲ್ಲಿ ಇದು ದೊಡ್ಡದಾಗುತ್ತದೆ. ಅಲ್ಲಿ ಬದುಕುವುದು ಕೆಲವೇ ದಿನ. ಅಷ್ಟರಲ್ಲಿ ಮೊಟ್ಟೆ ಇಟ್ಟು ಮುಗಿಸುತ್ತದೆ. ಹಕ್ಕಿಯ ಹಿಕ್ಕೆಯ ಜೊತೆ ಮೊಟ್ಟೆ ಕೆರೆಗೆ ಬೀಳುತ್ತದೆ. ಅದರಿಂದ ಹೊರಬಂದ ಮರಿಯನ್ನು ಸೈಕ್ಲೋಪ್ಸ್ ಥರದ, ಕಣ್ಣಿಗೆ ಚುಕ್ಕೆಯ ಹಾಗೆ ಕಾಣುವ ಪುಟ್ಟ ನೀರುಜೀವಿ ನುಂಗುತ್ತದೆ. ಕಾಟ್ಲಾಕ್ಕೆ ಅಂಥ ಪುಟ್ಟ ಜೀವಿಗಳೇ ಮುಖ್ಯ ಆಹಾರ. ಬಾಯಿ ಮೇಲಕ್ಕೆ ತೆರೆದು, ಮೇಲಿನ ನೀರನ್ನು ಸೋಸಿ ತಿನ್ನುವ ಮೀನು ಅದು. ಹಾಗೆ ಮೀನಿನ ಹೊಟ್ಟೆಗೆ ಹೋದ ಮರಿ ಕರುಳಿನ ಗೋಡೆ ತೂರಿ ಹೊರಗೆ ಬಂದು, ಹೊಟ್ಟೆಯ ಖಾಲಿ ಜಾಗದಲ್ಲಿ ಬೆಳೆಯುತ್ತದೆ. ಅದಕ್ಕೇ ನಿಮಗೆ ಕರುಳಿನ ಹೊರಗೆ ಸಿಕ್ಕಿದ್ದು. ಆ ಮೀನನ್ನು ಮತ್ತೆ ಒಂದು ಹಕ್ಕಿ ತಿಂದರೆ ಚಕ್ರ ಪೂರ್ತಿ ಆಗುತ್ತದೆ.

ಮೊಟ್ಟೆ ಚೀಲ ನೂಲಿನ ಹಾಗಿತ್ತು ಅಂದಿರಲ್ಲ, ಅದು ಈ ಹುಳದ ಗುರುತು. ಇದು ಹೊಕ್ಕ ಮೀನು ಮೊಟ್ಟೆ ಕಟ್ಟುವುದಿಲ್ಲ. ಮೀನಿಗೆ ಇದು ದೊಡ್ಡ ಕೇಡು. ನಮಗೆ ಅಲ್ಲ. ಮನುಷ್ಯರ ಹೊಟ್ಟೆ ಅದಕ್ಕೆ ಒಗ್ಗುವ ಜಾಗ ಅಲ್ಲ. ಅದರ ಮೇಲೆ ನೀವು ಹೊಟ್ಟೆ ತೆಗೆದು, ಕುದಿಸಿ ತಿನ್ನುತ್ತೀರಿ. ಲೈನ್ ಮನೆಯವರು ಸಾರು ಮಾಡಿ ಉಂಡಿದ್ದರೆ ಅವರಿಗೆ ಏನೂ ಆಗುವುದಿಲ್ಲ. ಬಸುರಿ ಹೆಂಗಸಿಗೂ ಅಷ್ಟೇ.

ಹಾರಂಗಿ ಬಯಲು ಅವರಿಗೆ ಒಂದು ಮಾತು. ಕೋಳಿ ಕಸ ಸುರಿಯುವುದು ಕೆಟ್ಟ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹುಳಕ್ಕೂ ಕೆಟ್ಟ ನೀರಿಗೂ ನೇರ ಸಂಬಂಧ ಇಲ್ಲ. ನೋಡಿ, ಈ ಹುಳ ಬದುಕಬೇಕಾದರೆ ಪುಟ್ಟ ನೀರುಜೀವಿ ಬೇಕು, ಮೀನು ಬೇಕು, ಹಕ್ಕಿ ಬೇಕು. ಮೂರರಲ್ಲಿ ಒಂದು ತಪ್ಪಿದರೂ ಹುಳ ಇಲ್ಲ. ಸತ್ತ ನೀರಿನಲ್ಲಿ ಇಷ್ಟೆಲ್ಲ ಎಲ್ಲಿಂದ ಬರಬೇಕು?

ಹಾರಂಗಿ ಬಯಲು

ಇಷ್ಟು ಬಿಡಿಸಿ ಹೇಳಿದ್ದಕ್ಕೆ ಧನ್ಯವಾದ. ಹಕ್ಕಿಯ ವಿಷಯ ನನಗೆ ಗೊತ್ತಿರಲಿಲ್ಲ. ಹಾಗಿದ್ದರೆ ಕಡಲ ಮೀನಿನಲ್ಲಿ ಹುಳ ಇರುವುದಿಲ್ಲ ಅಂದುಕೊಂಡಿದ್ದೂ ತಪ್ಪಾ?

ಗೋಣಿಕೊಪ್ಪ ಮೀನಂಗಡಿ

ತಪ್ಪು ಅಣ್ಣ. ಬಂಗುಡೆಯ ಹೊಟ್ಟೆಯಲ್ಲಿ ಗಡಿಯಾರದ ಸ್ಪ್ರಿಂಗ್ ಥರ ಸುತ್ತಿಕೊಂಡ ಸಣ್ಣ ಬಿಳಿ ದಾರ ಸಿಗುತ್ತದೆ. ಪಾಂಬೊಳ್ ಮೀನಿನಲ್ಲಿ ಇನ್ನೂ ಜಾಸ್ತಿ. ಕೆಲವು ಸಲ ಮಾಂಸದ ಒಳಗೆ ಅಕ್ಕಿ ಕಾಳಿನಷ್ಟು ಬಿಳಿ ಗಂಟು ಇರುತ್ತದೆ. ಅದನ್ನು ಕತ್ತಿ ತುದಿಯಲ್ಲಿ ತೆಗೆದುಬಿಡುತ್ತೇವೆ. ಬಂಗುಡೆಯ ಕಿವಿರಿನಲ್ಲಿ ಹೇನಿನ ಥರ ದಪ್ಪ ಹುಳ ಕೂತಿರುವುದೂ ಉಂಟು.

ನಾಲ್ಕುನಾಡು ಬಲೆ

ಅಂಗಡಿ ಅಣ್ಣ ಮೂರೇ ಸಾಲಿನಲ್ಲಿ ಮೂರು ಬೇರೆ ಬೇರೆ ಜೀವಿ ಹೇಳಿದರು. ಸುತ್ತಿಕೊಂಡ ದಾರ ಅನಿಸಾಕಿಸ್ ಕುಟುಂಬದ ದುಂಡುಹುಳದ ಮರಿ. ಮಾಂಸದ ಗಂಟು ಹೆಚ್ಚಾಗಿ ಒಂದು ಬಗೆಯ ಲಾಡಿಹುಳದ ಮರಿ. ಅದು ದೊಡ್ಡದಾಗುವುದು ಶಾರ್ಕ್ ಮತ್ತು ತೊರಕೆ ಮೀನಿನ ಹೊಟ್ಟೆಯಲ್ಲಿ. ನಮಗೆ ಅಂಟುವುದಿಲ್ಲ. ಕಿವಿರಿನದು ಹುಳವೇ ಅಲ್ಲ. ಸಿಗಡಿ, ಏಡಿಯ ದೂರದ ನೆಂಟ.

ಈ ಮೂರರಲ್ಲಿ ಗಮನ ಕೊಡಬೇಕಾದ್ದು ಮೊದಲನೆಯದು. ಅನಿಸಾಕಿಸ್ ದೊಡ್ಡದಾಗುವುದು ತಿಮಿಂಗಿಲ, ಡಾಲ್ಫಿನ್‌ಗಳ ಹೊಟ್ಟೆಯಲ್ಲಿ. ಮೀನು ಬದುಕಿರುವಾಗ ಮರಿಗಳು ಹೆಚ್ಚಾಗಿ ಕರುಳು, ಪಿತ್ತಜನಕಾಂಗದ (ಲಿವರ್) ಸುತ್ತ ಇರುತ್ತವೆ. ಮೀನು ಸತ್ತ ಮೇಲೆ ಕೆಲವು ಅಲ್ಲಿಂದ ಮಾಂಸಕ್ಕೆ ನುಗ್ಗುತ್ತವೆ. ಅದಕ್ಕೇ ಮೀನು ತಂದ ಕೂಡಲೇ ಹೊಟ್ಟೆ ತೆಗೆಯಬೇಕು. ಸಂಜೆ ತಂದು, ಹಾಗೇ ಫ್ರಿಜ್ಜಿನಲ್ಲಿಟ್ಟು ಬೆಳಿಗ್ಗೆ ಕತ್ತರಿಸುವ ಅಭ್ಯಾಸ ಬಿಡುವುದು ಒಳ್ಳೆಯದು. ನಮ್ಮ ಮನೆಯಲ್ಲಿ ಅದನ್ನು ಬಿಡಿಸಲು ನನಗೆ ಒಂದು ವರ್ಷ ಬೇಕಾಯಿತು.

ಹಡಗಿನ ಹಳಬ (ವಿರಾಜಪೇಟೆ)

ಅನಿಸಾಕಿಸ್ ಹೆಸರು ನೋಡಿ ಬರೆಯುತ್ತಿದ್ದೇನೆ. ಅದು ನನಗೆ ಆಗಿದೆ.

ನಾನು ಸರಕು ಹಡಗಿನಲ್ಲಿ ಕೆಲಸ ಮಾಡಿದವನು. ಸ್ಪೇನಿನ ಒಂದು ಬಂದರಿನಲ್ಲಿ ಸಂಜೆ ಇಳಿದಿದ್ದೆವು. ಅಲ್ಲಿ ಬೆರಳುದ್ದದ ಸಣ್ಣ ಮೀನನ್ನು ಬೇಯಿಸದೆ, ವಿನೆಗರ್‌ನಲ್ಲಿ ನೆನೆಸಿ, ಬೆಳ್ಳುಳ್ಳಿ ಎಣ್ಣೆ ಹಾಕಿ ಕೊಡುತ್ತಾರೆ. ನಮ್ಮ ಕೊಳುವೆ ಮೀನಿನ ಜಾತಿಯದೇ. ಹುಳಿ ಇದೆಯಲ್ಲ, ಬೆಂದ ಹಾಗೇ ಅಂದುಕೊಂಡು ಚೆನ್ನಾಗಿ ತಿಂದೆ. ಮಧ್ಯರಾತ್ರಿಗೆ ಹೊಟ್ಟೆಯ ಮೇಲ್ಭಾಗದಲ್ಲಿ ಚೂರಿ ಹಾಕಿದ ಹಾಗೆ ನೋವು. ವಾಂತಿ ಆಯಿತು, ಆದರೂ ನೋವು ಇಳಿಯಲಿಲ್ಲ. ಹಡಗಿನಲ್ಲಿ ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟರು. ಬೆಳಿಗ್ಗೆ ಆಸ್ಪತ್ರೆಗೆ ಹೋದಾಗ ಅಲ್ಲಿನ ವೈದ್ಯರು ಕೇಳಿದ ಮೊದಲ ಪ್ರಶ್ನೆಯೇ, "ನಿನ್ನೆ ಯಾವ ಮೀನು ತಿಂದೆ?" ಗಂಟಲಿನಿಂದ ಕ್ಯಾಮೆರಾ ಕೊಳವೆ ಇಳಿಸಿ, ಹೊಟ್ಟೆಯ ಗೋಡೆಗೆ ತಲೆ ಹೊಗಿಸಿ ಕೂತಿದ್ದ ಹುಳವನ್ನು ಚಿಮಟದಲ್ಲಿ ಎಳೆದರು. ಎರಡು ಸೆಂಟಿಮೀಟರ್ ಇತ್ತು. ತೆಗೆದ ಸ್ವಲ್ಪ ಹೊತ್ತಿಗೆ ನೋವು ಹೋಯಿತು.

ಅಲ್ಲಿನ ವೈದ್ಯರು ಹೇಳಿದ್ದು ಇವತ್ತಿಗೂ ನೆನಪಿದೆ. ಹುಳಿಯಲ್ಲಿ ಮೀನು ಬೆಳ್ಳಗಾಗುತ್ತದೆ, ಹುಳ ಸಾಯುವುದಿಲ್ಲ.

ನಾಲ್ಕುನಾಡು ಬಲೆ

ಅಣ್ಣ, ನೀವು ಹೇಳಿದ್ದು ಪುಸ್ತಕಕ್ಕಿಂತ ಚೆನ್ನಾಗಿದೆ. ಈ ಕಾಯಿಲೆ ಮೊದಲು ಸರಿಯಾಗಿ ಗೊತ್ತಾಗಿದ್ದು 1960ರಲ್ಲಿ, ನೆದರ್‌ಲ್ಯಾಂಡ್ಸ್‌ನಲ್ಲಿ. ಅಲ್ಲಿ ಹೆರ್ರಿಂಗ್ ಮೀನನ್ನು ಸ್ವಲ್ಪ ಉಪ್ಪು ಹಾಕಿ ಹಸಿಯಾಗಿಯೇ ತಿನ್ನುತ್ತಿದ್ದರು. ಸ್ಪೇನಿನಲ್ಲಂತೂ ಹೋಟೆಲಿನವರು ಇಂಥ ಮೀನನ್ನು ಮೊದಲು ಫ್ರೀಜ್ ಮಾಡಲೇಬೇಕು ಅಂತ 2006ರಲ್ಲಿ ಕಾನೂನು ತಂದರು. ಹಸಿ ಮೀನು ತಿನ್ನುವ ಜಪಾನಿನಲ್ಲಿ ಈ ಕಾಯಿಲೆ ತುಂಬ ಸಾಮಾನ್ಯ.

ಕಕ್ಕಡ ಮಳೆ

ಮಕ್ಕಳೇ, ನನಗೆ ಈಗ 71 ವರ್ಷ. ಓದಿ ಓದಿ ಒಂದು ಅನುಮಾನ ಬಂತು. ನಾವು ಮೀನಿಗೆ ಅರಿಶಿನ, ಉಪ್ಪು, ಖಾರ, ಕಾಚಂಪುಳಿ (ನಮ್ಮ ಕೊಡಗಿನ ಕಪ್ಪು ಹುಳಿ) ಹಚ್ಚಿ ಇಡುತ್ತೇವೆ. ಕಾಚಂಪುಳಿಗೆ ಎಲ್ಲ ಕೆಟ್ಟದ್ದೂ ಸಾಯುತ್ತದೆ ಅಂತ ನಮ್ಮ ತಾಯಿ ಹೇಳುತ್ತಿದ್ದರು. ಕೊಡವರಲ್ಲದವರಿಗೆ ಹೇಳುತ್ತೇನೆ, ತಾಯಿ ಅಂದರೆ ನಮ್ಮಲ್ಲಿ ಅಜ್ಜಿ. ಹಾಗಾದರೆ ಅದು ಸುಳ್ಳಾ? ಇನ್ನೊಂದು, ಗದ್ದೆಯ ಕೊಯಿಲೆ ಮೀನನ್ನು ಹೊಟ್ಟೆ ಸಮೇತ ಹುರಿಯುತ್ತೇವೆ. ಬೆರಳಿನಷ್ಟು ಇರುವ ಮೀನಿನ ಹೊಟ್ಟೆ ಯಾರು ತೆಗೆಯುತ್ತಾರೆ?

ನಾಲ್ಕುನಾಡು ಬಲೆ

ಅಮ್ಮ, ನಿಮ್ಮ ತಾಯಿ ಹೇಳಿದ್ದರಲ್ಲಿ ಸತ್ಯ ಇದೆ. ಹುಳಿಗೆ ಮೀನನ್ನು ಕೊಳೆಸುವ ಸೂಕ್ಷ್ಮಜೀವಿಗಳು ಬೆಳೆಯುವುದು ಕಡಿಮೆ ಆಗುತ್ತದೆ. ಮೀನಿನ ಕೆಟ್ಟ ವಾಸನೆಯೂ ಹೋಗುತ್ತದೆ. ಆದರೆ ಹುಳದ ಚರ್ಮ ಗಟ್ಟಿ. ಅದು ಬದುಕುವ ಜಾಗವೇ ಪ್ರಾಣಿಗಳ ಹೊಟ್ಟೆ, ಅಲ್ಲಿನ ಆಮ್ಲ ತಡೆದುಕೊಂಡೇ ಬದುಕಿರುವುದು. ಕಾಚಂಪುಳಿ ಒಂದು ಗಂಟೆ ಹಚ್ಚಿಟ್ಟರೆ ಅದಕ್ಕೆ ಏನೂ ಆಗುವುದಿಲ್ಲ. ಕೊಲ್ಲುವುದು ಬೆಂಕಿ. ಮೀನಿನ ಒಳಗಿನ ತನಕ 60 ಡಿಗ್ರಿ ಬಿಸಿ ಮುಟ್ಟಿ ಒಂದು ನಿಮಿಷ ನಿಂತರೆ ಹುಳ ಸಾಯುತ್ತದೆ. ಮಡಿಕೇರಿ ಎತ್ತರದ ಊರು, ಅಲ್ಲಿ ನೀರು ನೂರರ ಬದಲು ಸುಮಾರು 96 ಡಿಗ್ರಿಗೇ ಕುದಿಯುತ್ತದೆ. ಆದರೂ ಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ. ಕುದಿಯುವ ಸಾರಿನಲ್ಲಿ ಹುಳ ಉಳಿಯುವ ಮಾತೇ ಇಲ್ಲ.

ಕೊಯಿಲೆ ಮೀನು ಗರಿಗರಿಯಾಗಿ ಹುರಿದರೆ ಬೆಂಕಿ ಒಳಗಿನ ತನಕ ಹೋಗಿರುತ್ತದೆ. ಧೈರ್ಯವಾಗಿ ತಿನ್ನಿ. ಹೊಟ್ಟೆಯನ್ನು ಉಗುರಿನಲ್ಲಿ ಚಿವುಟಿ ತೆಗೆದರೆ ಕಹಿ ಹೋಗುತ್ತದೆ, ಅಷ್ಟೇ.

ಕಕ್ಕಡ ಮಳೆ

ಚಿವುಟುತ್ತಿದ್ದೆವು ಮಗ, ಕೈ ಬಿಡುವಿದ್ದಾಗ. ಈಗ ಗದ್ದೆಯೂ ಕಡಿಮೆ, ಕೂಳಿ ಇಟ್ಟು ಮೀನು ಹಿಡಿಯುವವರೂ ಕಡಿಮೆ. ಮಳೆಗಾಲದ ಏಡಿ ಮಾತ್ರ ಇನ್ನೂ ತರುತ್ತಾರೆ. ಏಡಿಯಲ್ಲೂ ಹುಳ ಉಂಟಾ?

ದನದ ಡಾಕ್ಟರ್ (ಸೋಮವಾರಪೇಟೆ)

ಅಮ್ಮ, ಇದಕ್ಕೆ ನಾನು ಉತ್ತರ ಕೊಡುತ್ತೇನೆ. ನಾನು ನಿವೃತ್ತ ಪಶುವೈದ್ಯ.

ಹೊಳೆ ಏಡಿಯಲ್ಲಿ ಶ್ವಾಸಕೋಶದ ಹುಳದ ಮರಿ ಇರಬಹುದು. ಪ್ಯಾರಗೋನಿಮಸ್ ಅಂತ ಅದರ ಹೆಸರು. ಮಣಿಪುರ, ನಾಗಾಲ್ಯಾಂಡ್ ಕಡೆ ಏಡಿಯನ್ನು ಹಸಿಯಾಗಿ ಅಥವಾ ಅರೆಬೆಂದ ಹಾಗೆ ತಿನ್ನುವ ಕೆಲವು ಊರುಗಳಲ್ಲಿ ಇದು ಜನರಿಗೆ ಬರುತ್ತದೆ. ಕೆಮ್ಮು, ಕಫದಲ್ಲಿ ರಕ್ತ. ನೋಡಿದರೆ ಕ್ಷಯದ ಹಾಗೇ. ಕ್ಷಯ ಅಂತ ತಿಂಗಳುಗಟ್ಟಲೆ ಮಾತ್ರೆ ತಿಂದು, ವಾಸಿಯಾಗದೆ, ಕೊನೆಗೆ ಹುಳ ಅಂತ ಗೊತ್ತಾದವರಿದ್ದಾರೆ. ಸರಿಯಾದ ಮಾತ್ರೆ ಕೊಟ್ಟರೆ ಕೆಲವೇ ದಿನದ ಚಿಕಿತ್ಸೆ. ನಮ್ಮಲ್ಲಿ ಏಡಿಯನ್ನು ಜಜ್ಜಿ, ಚೆನ್ನಾಗಿ ಕುದಿಸಿ ಮಾಡುತ್ತಾರೆ. ಅದೇ ನಮ್ಮನ್ನು ಕಾಪಾಡಿದೆ. ಒಂದೇ ಎಚ್ಚರ, ಹಸಿ ಏಡಿ ಜಜ್ಜಿದ ಕಲ್ಲು ಮತ್ತು ಮಣೆಯನ್ನು ತೊಳೆಯದೆ ಅದರ ಮೇಲೆ ಸೌತೆಕಾಯಿ ಹೆಚ್ಚಬೇಡಿ.

ಮಂಜಿನ ಮನೆ (ಮಡಿಕೇರಿ)

ನನ್ನದು ಬೇರೆ ಪ್ರಶ್ನೆ. ಮಗಳಿಗೆ ಆರು ವರ್ಷ. ಮೀನು ಅಂದರೆ ಪ್ರಾಣ. ಹೋದ ತಿಂಗಳು ಹೊಟ್ಟೆಯಲ್ಲಿ ಹುಳ ಬಿತ್ತು. ನಮ್ಮ ಮನೆಯಲ್ಲಿ ಎಲ್ಲರೂ ಮೀನಿನಿಂದಲೇ ಅಂತಾರೆ. ಫೆಬ್ರವರಿ 10ಕ್ಕೆ ಶಾಲೆಯಲ್ಲಿ ಹುಳದ ಮಾತ್ರೆ ಕೊಟ್ಟಿದ್ದರು. ಮೀನು ನಿಲ್ಲಿಸಲಾ?

ದನದ ಡಾಕ್ಟರ್

ನಿಲ್ಲಿಸಬೇಡಿ ತಾಯಿ. ಮಕ್ಕಳ ಹೊಟ್ಟೆಯಿಂದ ಬೀಳುವ ಹುಳ ಸಾಮಾನ್ಯವಾಗಿ ಜಂತುಹುಳ, ಇಲ್ಲದಿದ್ದರೆ ದಾರದ ಥರದ ಸಣ್ಣ ಹುಳ. ಜಂತುಹುಳದ ಮೊಟ್ಟೆ ಬರುವುದು ಮಣ್ಣಿನಿಂದ, ತೊಳೆಯದ ಕೈಯಿಂದ, ತರಕಾರಿಯಿಂದ. ಮೀನಿಗೂ ಅದಕ್ಕೂ ಸಂಬಂಧ ಇಲ್ಲ. ಶಾಲೆಯಲ್ಲಿ ಕೊಡುವ ಅಲ್ಬೆಂಡಜೋಲ್ ಇಂಥ ಹುಳಗಳಿಗೇ ಅಂತ ಕೊಡುವುದು. ಊಟಕ್ಕೆ ಮೊದಲು ಸೋಪಿನಲ್ಲಿ ಕೈ ತೊಳೆಸಿ, ಉಗುರು ಕತ್ತರಿಸಿ, ಬರಿಗಾಲಿನಲ್ಲಿ ತೋಟಕ್ಕೆ ಬಿಡಬೇಡಿ. ಒಂದು ಸಲ ಮಕ್ಕಳ ವೈದ್ಯರಿಗೂ ತೋರಿಸಿ. ಬೆಳೆಯುವ ಮಗುವಿನ ತಟ್ಟೆಯಿಂದ ಮೀನು ತೆಗೆದರೆ ಒಳ್ಳೆ ಪ್ರೋಟೀನು ತೆಗೆದ ಹಾಗೆ.

ಹೋಂಸ್ಟೇ ಒಲೆ (ಕಕ್ಕಬ್ಬೆ)

ನಮ್ಮಲ್ಲಿ ಬರುವ ಅತಿಥಿಗಳು ರಾತ್ರಿ ಬೆಂಕಿ ಹಾಕಿ ಇಡೀ ಮೀನು ಸುಡಬೇಕು ಅಂತಾರೆ. ಎರಡು ಕಿಲೋ ಮೀನು, ಕೆಂಡ ಜೋರಾಗಿರುತ್ತದೆ. ಮೇಲೆ ಕಪ್ಪಾಗುತ್ತದೆ, ಮುಳ್ಳಿನ ಹತ್ತಿರ ಕೆಂಪಗೇ ಇರುತ್ತದೆ. "ಹಾಗೇ ಚೆನ್ನಾಗಿರುತ್ತೆ" ಅಂತ ತಿಂದುಬಿಡುತ್ತಾರೆ. ಹೋದ ವಾರ ಒಬ್ಬರು, ಹೊಳೆ ಮೀನಿನಲ್ಲಿ ಸುಶಿ ಮಾಡಿಕೊಡುತ್ತೀರಾ ಅಂತ ಕೇಳಿದರು. ಏನು ಹೇಳಲಿ?

ನಾಲ್ಕುನಾಡು ಬಲೆ

ಅಕ್ಕ, ಸುಶಿಗೆ ಖಂಡಿತ ಬೇಡ ಅನ್ನಿ. ಹಸಿ ಕಡಲ ಮೀನಿಗಿಂತ ಹಸಿ ಸಿಹಿನೀರಿನ ಮೀನು ಜಾಸ್ತಿ ಅಪಾಯ. ಥಾಯ್ಲೆಂಡಿನ ಈಶಾನ್ಯ ಭಾಗದಲ್ಲಿ ಗೆಂಡೆ ಜಾತಿಯ ಸಣ್ಣ ಮೀನನ್ನು ಹಸಿಯಾಗಿ ಕೊಚ್ಚಿ, ನಿಂಬೆ ಹುಳಿ, ಖಾರ ಹಾಕಿ ತಿನ್ನುತ್ತಾರೆ. ಅದರಿಂದ ಪಿತ್ತಕೋಶದ ನಾಳಕ್ಕೆ ಒಂದು ಬಗೆಯ ಚಪ್ಪಟೆ ಹುಳ ಸೇರಿಕೊಂಡು, ವರ್ಷಗಟ್ಟಲೆ ಅಲ್ಲೇ ಇದ್ದು, ಕೊನೆಗೆ ಪಿತ್ತನಾಳದ ಕ್ಯಾನ್ಸರ್ ತರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಆ ಹುಳವನ್ನು ತಂಬಾಕಿನ ಜೊತೆ, ಕ್ಯಾನ್ಸರ್ ತರುವುದು ಖಚಿತ ಅನ್ನುವ ಮೊದಲ ಗುಂಪಿನಲ್ಲೇ ಇಟ್ಟಿದೆ. ಕೊರವ ಮೀನಿನ ಮಾಂಸದಲ್ಲಿ ಇರಬಹುದಾದ ನ್ಯಾಥೋಸ್ಟೋಮ ಅನ್ನುವ ಇನ್ನೊಂದು ಹುಳ, ಹಸಿ ಮೀನಿನಿಂದ ಮನುಷ್ಯರಿಗೆ ಹೋದರೆ ಚರ್ಮದ ಅಡಿಯಲ್ಲಿ ಊರೂರು ತಿರುಗುತ್ತದೆ. ಕಣ್ಣಿಗೆ, ಮಿದುಳಿಗೂ ಹೋಗಬಹುದು.

ಹೋಟೆಲುಗಳು ಹಸಿ ಮೀನು ಕೊಡುವ ಮೊದಲು ಸೊನ್ನೆಗಿಂತ 20 ಡಿಗ್ರಿ ಕೆಳಗೆ ಏಳು ದಿನ, ಇಲ್ಲವೇ 35 ಡಿಗ್ರಿ ಕೆಳಗೆ ಗಟ್ಟಿ ಮಾಡಿ 15 ಗಂಟೆ ಇಡಬೇಕು ಅನ್ನುವುದು ಅಮೆರಿಕದಲ್ಲಿರುವ ನಿಯಮ. ನಮ್ಮ ಮನೆ ಫ್ರಿಜ್ಜಿನ ಮೇಲಿನ ಖಾನೆ ಅಷ್ಟು ತಣ್ಣಗಾಗುವುದಿಲ್ಲ. ಮೇಲಾಗಿ ನಮ್ಮಲ್ಲಿ ಮಳೆ ಬಂದರೆ ಕರೆಂಟ್ ಇರುವುದಿಲ್ಲ. ಅದನ್ನು ನಂಬಬೇಡಿ.

ಸುಡುವುದಕ್ಕೆ, ಮೀನನ್ನು ಬೆನ್ನಿನಿಂದ ಸೀಳಿ ಪುಸ್ತಕದ ಹಾಗೆ ಬಿಡಿಸಿ. ಇಲ್ಲವೇ ಎರಡೂ ಪಕ್ಕೆಗೆ ಮುಳ್ಳು ತಾಗುವ ತನಕ ಗೀರು ಹಾಕಿ. ಉರಿ ಇಳಿದ ಕೆಂಡದಲ್ಲಿ ನಿಧಾನವಾಗಿ ಸುಡಿ. ಮಾಂಸ ಗಾಜಿನಂತೆ ಹೊಳೆಯುತ್ತಿದ್ದರೆ ಬೆಂದಿಲ್ಲ. ಬೆಳ್ಳಗಾಗಿ, ನಡುಮುಳ್ಳಿನಿಂದ ತಾನಾಗಿ ಬಿಟ್ಟುಕೊಂಡರೆ ಬೆಂದಿದೆ.

ಹೋಂಸ್ಟೇ ಒಲೆ

ಬಾಳೆ ಎಲೆಯಲ್ಲಿ ಸುತ್ತಿ ಸುಟ್ಟರೆ ಒಳಗಿನ ಹಬೆಯಲ್ಲೇ ಬೇಯುತ್ತದೆ, ಅಲ್ವಾ? ಇನ್ನು ಮೇಲೆ ಹಾಗೇ ಮಾಡಿಸುತ್ತೇನೆ.

ಕೆರೆಯೇರಿ

ಎಲ್ಲರ ಉತ್ತರ ಓದಿದೆ. ಕಣ್ಣಲ್ಲಿ ನೀರು ಬಂತು. ಸಂಜೆ ಲೈನ್ ಮನೆಗೆ ಹೋಗಿ ಎಲ್ಲರನ್ನೂ ಕೇಳಿದೆ. ಯಾರಿಗೂ ಏನೂ ಆಗಿಲ್ಲ. ಎಲ್ಲರೂ ಸಾರು ಮಾಡಿದ್ದರು. ಇಬ್ಬರ ಮನೆಯ ಮೀನಲ್ಲೂ ಅದೇ ಪಟ್ಟಿ ಸಿಕ್ಕಿತ್ತಂತೆ, ನಮಗೆ ಬೇಜಾರಾಗುತ್ತದೆ ಅಂತ ಹೇಳಿರಲಿಲ್ಲ. ಬಸುರಿ ಹುಡುಗಿ, "ಅಕ್ಕ, ನಮ್ಮೂರಲ್ಲಿ ಇದನ್ನು ನೋಡಿಯೇ ಬೆಳೆದದ್ದು" ಅಂದಳು.

ಆದರೆ ಒಂದು ಅನುಮಾನ. ಅವರು ಕತ್ತರಿಸಿದ ಕರುಳು, ಹುಳ ಎಲ್ಲ ಕೆರೆಯ ಏರಿಯಲ್ಲೇ ಬಿಸಾಕಿದ್ದಾರೆ. ಉಳಿದದ್ದು ನಾಯಿಗಳು ತಿಂದವು. ಪ್ರತಿ ವರ್ಷ ಹೀಗೇ. ಅದು ಸರಿಯಾ?

ಗೋಣಿಕೊಪ್ಪ ಮೀನಂಗಡಿ

ಕೆರೆಯಲ್ಲಿ ಮೀನು ಸಾಕುವವರು ತುಂಬ ಜನ ಕರುಳನ್ನು ಕೆರೆಗೇ ಹಾಕುತ್ತಾರೆ. ಮೀನಿಗೆ ಮೇವು ಆಗುತ್ತದೆ ಅಂತ. ನಾನೂ ಮೊದಲು ಬುಟ್ಟಿ ತುಂಬ ಕೊಡುತ್ತಿದ್ದೆ.

ದನದ ಡಾಕ್ಟರ್

ದಯವಿಟ್ಟು ಕೊಡಬೇಡಿ. ಇಷ್ಟು ಹೊತ್ತು ಎಲ್ಲರೂ ನಮ್ಮ ತಟ್ಟೆಯ ಬಗ್ಗೆ ಮಾತಾಡಿದೆವು. ನಮ್ಮ ತಟ್ಟೆಯ ಮೀನು ಬೆಂಕಿ ದಾಟಿ ಬರುತ್ತದೆ. ಕರುಳು ದಾಟುವುದಿಲ್ಲ. ಅದನ್ನು ಹಸಿಯಾಗಿಯೇ ನಾಯಿಗೆ, ಬೆಕ್ಕಿಗೆ, ಕಾಗೆಗೆ, ಕೆರೆಗೆ ಹಾಕುತ್ತೇವೆ. ಹುಳಕ್ಕೆ ಬೇಕಾದ್ದೂ ಅದೇ.

ಡಾಕ್ಟರ್ ಕೆಲಸದಲ್ಲಿ ನನಗೆ ಜಾಸ್ತಿ ನೋವು ಕೊಟ್ಟದ್ದು ಇಂಥ ತಪ್ಪಿಸಬಹುದಾದ ಸಂಗತಿಗಳೇ. ನ್ಯಾಥೋಸ್ಟೋಮ ದೊಡ್ಡದಾಗುವುದು ನಾಯಿ, ಬೆಕ್ಕಿನ ಹೊಟ್ಟೆಯ ಗೋಡೆಯಲ್ಲಿ. ಅದನ್ನು ಮೊದಲು 1836ರಲ್ಲಿ ವಿವರಿಸಿದ್ದು ಲಂಡನ್ ಮೃಗಾಲಯದಲ್ಲಿ ಸತ್ತ ಒಂದು ಹುಲಿಯ ಹೊಟ್ಟೆಯಲ್ಲಿ ನೋಡಿ. ಹಸಿ ಮೀನು, ಕಪ್ಪೆ ತಿಂದ ನಾಯಿಗೆ ಮೂತ್ರಪಿಂಡದಲ್ಲಿ ಕೆಂಪು ದೊಡ್ಡ ಹುಳವೂ ಬರುವುದುಂಟು. ಹೆಣ್ಣು ಹುಳ ಒಂದು ಮೀಟರ್ ತನಕ ಬೆಳೆಯುತ್ತದೆ. ಆ ಮೂತ್ರಪಿಂಡ ಬರೀ ಸಿಪ್ಪೆ ಆಗಿಬಿಡುತ್ತದೆ. ನಾಯಿ ಬಾಯಿ ಬಿಟ್ಟು ಹೇಳುವುದಿಲ್ಲ.

ನಾಯಿಗೆ ಕೊಡಬೇಕು ಅಂದರೆ ಹಳೆ ಪಾತ್ರೆಯಲ್ಲಿ ಹತ್ತು ನಿಮಿಷ ಕುದಿಸಿ, ಅನ್ನದ ಜೊತೆ ಕಲಸಿ ಕೊಡಿ. ಉಳಿದದ್ದನ್ನು ಎರಡು ಅಡಿ ಗುಂಡಿ ತೆಗೆದು ಹೂಳಿ, ಮೇಲೆ ಕಲ್ಲು ಇಡಿ. ಇಲ್ಲದಿದ್ದರೆ ಹಂದಿ, ನಾಯಿ ಕೆದಕುತ್ತವೆ. ಕಾಫಿ ಗಿಡದ ಸಾಲಿನ ನಡುವೆ ಹೂತರೆ ಒಳ್ಳೆ ಗೊಬ್ಬರ.

ಇನ್ನೊಂದು ನೆನಪು. ಆ ಸೈಕ್ಲೋಪ್ಸ್ ಅನ್ನುವ ಪುಟ್ಟ ಜೀವಿಯ ಮೂಲಕವೇ ಹಿಂದೆ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ನಾರುಹುಣ್ಣು ಬರುತ್ತಿತ್ತು. ಮೆಟ್ಟಿಲು ಬಾವಿಯ ನೀರು ಕುಡಿದವರ ಕಾಲಿನಿಂದ ಮೊಳದುದ್ದದ ಹುಳ ಹೊರಗೆ ಬರುತ್ತಿತ್ತು. ಲಸಿಕೆ ಇರಲಿಲ್ಲ, ಔಷಧಿ ಇರಲಿಲ್ಲ. ಜನ ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿದರು, ಹುಣ್ಣಿದ್ದವರು ಬಾವಿಗೆ ಇಳಿಯದ ಹಾಗೆ ನೋಡಿಕೊಂಡರು, ಮೆಟ್ಟಿಲು ಬಾವಿಗಳನ್ನು ಸರಿ ಮಾಡಿದರು. 2000ನೇ ಇಸವಿಯಲ್ಲಿ ಭಾರತದಿಂದ ಆ ಕಾಯಿಲೆ ಹೋಯಿತು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಹುಳದ ಚಕ್ರದ ಒಂದು ಕೊಂಡಿ ಕಡಿದದ್ದಕ್ಕೇ ಇಷ್ಟು ಆಯಿತು.

ಹಾರಂಗಿ ಬಯಲು

ಸರ್, ನಮ್ಮಜ್ಜಿಯ ತವರು ರಾಯಚೂರು ಕಡೆ. ನಾರುಹುಣ್ಣಿನ ಕಥೆ ಅವರ ಬಾಯಲ್ಲಿ ಕೇಳಿದ್ದೆ. ಅದಕ್ಕೂ ಇದಕ್ಕೂ ನಂಟು ಇದೆ ಅಂತ ಇವತ್ತು ಗೊತ್ತಾಯಿತು. ನಾನು ಮೊದಲು ಬರೆದದ್ದನ್ನು ತಿದ್ದಿಕೊಳ್ಳುತ್ತೇನೆ. ಕೋಳಿ ಕಸದ ಕೆರೆಯ ಮೀನು ಮಾತ್ರ ಈಗಲೂ ತರುವುದಿಲ್ಲ.

ನಾಲ್ಕುನಾಡು ಬಲೆ

ಅದರಲ್ಲಿ ನಾನು ನಿಮ್ಮ ಜೊತೆ. ನೀರಿನ ವಿಷಯ ಬಂದದ್ದಕ್ಕೆ ಒಂದು ಹೇಳುತ್ತೇನೆ. ಮೀನಿನ ಕರುಳಿನಲ್ಲಿ ಮುಳ್ಳುತಲೆ ಹುಳ ಅಂತ ಒಂದು ಇರುತ್ತದೆ. ಕೊರವ ಮೀನಿನ ಕರುಳು ಬಿಡಿಸಿದರೆ ಅದು ಸಾಮಾನ್ಯವಾಗಿ ಸಿಗುತ್ತದೆ. ತಲೆಯ ತುಂಬ ಕೊಕ್ಕೆ, ಅದರಿಂದ ಕರುಳಿಗೆ ಸಿಕ್ಕಿಕೊಂಡಿರುತ್ತದೆ. ಅದಕ್ಕೆ ಬಾಯಿಯೂ ಇಲ್ಲ, ಕರುಳೂ ಇಲ್ಲ. ಮೈಯಿಂದಲೇ ಆಹಾರ ಹೀರುತ್ತದೆ. ಹಾಗೆ ಹೀರುವಾಗ ನೀರಿನಲ್ಲಿರುವ ಸೀಸದಂಥ ವಿಷ ಲೋಹವನ್ನೂ ಹೀರಿ ಮೈಯಲ್ಲಿ ಕೂಡಿಸಿಕೊಳ್ಳುತ್ತದೆ. ಜರ್ಮನಿಯಲ್ಲಿ ಪರೀಕ್ಷೆ ಮಾಡಿದಾಗ ಮೀನಿನ ಮಾಂಸಕ್ಕಿಂತ ಎರಡು ಸಾವಿರ ಪಟ್ಟಿಗೂ ಜಾಸ್ತಿ ಸೀಸ ಇಂಥ ಹುಳದಲ್ಲಿ ಸಿಕ್ಕಿತ್ತು. ನದಿಯ ನೀರು ಎಷ್ಟು ಕೆಟ್ಟಿದೆ ಅಂತ ತಿಳಿಯಲು ವಿಜ್ಞಾನಿಗಳು ಈ ಹುಳವನ್ನು ಬಳಸುತ್ತಾರೆ. ನಾನು ಕಾಲೇಜಿನಲ್ಲಿ ಇದನ್ನು ಓದಿದ ದಿನದಿಂದ ಕರುಳನ್ನು ನೋಡದೆ ಬಿಸಾಕಿಲ್ಲ.

ಕೆರೆಯೇರಿ ಅಕ್ಕ, ನಿಮ್ಮ ಕೆರೆಗೆ ಈಗಲೇ ಒಳ್ಳೆ ಸಮಯ. ಹೇಗೂ ನೀರು ಇಳಿದಿದೆ. ಉಳಿದ ಮೀನು ಹಿಡಿದು, ಪೂರ್ತಿ ಖಾಲಿ ಮಾಡಿ, ನೆಲ ಬಿರುಕು ಬಿಡುವ ತನಕ ಒಣಗಲು ಬಿಡಿ. ಬಸವನಹುಳು, ಆ ಪುಟ್ಟ ನೀರುಜೀವಿಗಳು ತುಂಬ ಕಡಿಮೆ ಆಗುತ್ತವೆ. ಆಮೇಲೆ ಸುಣ್ಣ ಹರಡಿ. ಸಾಮಾನ್ಯವಾಗಿ ಎಕರೆಗೆ ನೂರು ಕಿಲೋ ಹಾಕುತ್ತಾರೆ. ನಮ್ಮ ಮಣ್ಣು ಹುಳಿ, ಹಾಗಾಗಿ ಮಣ್ಣು ಪರೀಕ್ಷೆ ಮಾಡಿಸಿ, ಅವರು ಹೇಳಿದಷ್ಟು ಹಾಕಿ. ಮಳೆ ನೀರು ತುಂಬಿ ಹದಿನೈದು ದಿನ ಆದ ಮೇಲೆ ಹೊಸ ಮರಿ ಬಿಡಿ. ಮರಿ ತರುವಾಗ ನಾಲ್ಕು ಮರಿಯ ಹೊಟ್ಟೆ ಸೀಳಿ ನೋಡಿ. ಹೊಟ್ಟೆ ಉಬ್ಬಿ, ಮೇಲೆಮೇಲೆ ತೇಲುವ ಮರಿ ಬೇಡ.

ಕೆರೆಯೇರಿ

ನೀರುಕಾಗೆ ಬಂದು ಕೂರುತ್ತದಲ್ಲ? ಬೆಳಿಗ್ಗೆ ಹತ್ತು ಹದಿನೈದು ಇರುತ್ತವೆ. ಅದನ್ನು ಏನು ಮಾಡಲಿ?

ನಾಲ್ಕುನಾಡು ಬಲೆ

ಹಕ್ಕಿಗೆ ಏನೂ ಮಾಡಬೇಡಿ ಅಕ್ಕ. ಹೊಡೆಯುವುದು ವನ್ಯಜೀವಿ ಕಾನೂನಿಗೆ ವಿರುದ್ಧ, ಮನಸ್ಸಿಗೂ ಒಳ್ಳೆಯದಲ್ಲ. ಮರಿ ಸಣ್ಣದಿರುವ ಮೊದಲ ಎರಡು ಮೂರು ತಿಂಗಳು ಕೆರೆಯ ಮೇಲೆ ಅಡ್ಡಡ್ಡ ದಾರ ಕಟ್ಟಿ. ಹಕ್ಕಿ ಇಳಿಯುವುದು ಕಡಿಮೆ ಆಗುತ್ತದೆ. ಪೂರ್ತಿ ತಪ್ಪಿಸಲು ಆಗುವುದಿಲ್ಲ. ನಾಲ್ಕು ಮೀನಿನಲ್ಲಿ ಹುಳ ಬಂದರೆ ಬರಲಿ.

ಕಕ್ಕಡ ಮಳೆ

ಹಕ್ಕಿ ಬರದ ಕೆರೆ ಕೆರೆಯಾ ಮಗ?

ಕೆರೆಯೇರಿ

ಇವತ್ತು ಬೆಳಿಗ್ಗೆ ನಮ್ಮ ಮನೆಯವರು ಏರಿಯ ಕೆಳಗೆ, ಸಿಲ್ವರ್ ಓಕ್ ಮರದ ಹತ್ತಿರ ಆಳವಾದ ಗುಂಡಿ ತೆಗೆಸಿದರು. ಲೈನ್ ಮನೆಯವರಿಗೂ ತೋರಿಸಿದ್ದೇನೆ, ಮೀನಿನ ಕರುಳೆಲ್ಲ ಇನ್ನು ಅಲ್ಲಿಗೇ. ನಾಳೆ ಕೊನೆಯ ಬಲೆ. ಅತ್ತೆ ಈಗಲೇ ಕಾಚಂಪುಳಿ ಬಾಟಲಿ ಕೆಳಗಿಳಿಸಿದ್ದಾರೆ. ಈ ಸಲ ಹೊಟ್ಟೆ ನಾನೇ ಸೀಳುತ್ತೇನೆ. ಕರುಳನ್ನೂ ಬಿಡಿಸಿ ನೋಡುತ್ತೇನೆ. ಏನಾದರೂ ಬೇರೆ ಥರದ್ದು ಸಿಕ್ಕರೆ ಫೋಟೋ ಹಾಕುತ್ತೇನೆ, ನಾಲ್ಕುನಾಡು ತಮ್ಮ ಹೆಸರು ಹೇಳಲಿ.